ಫಸ್ಟ್ ಕ್ಲಾಸ್ ಮುತ್ತಜ್ಜನೂ ಕಟ್ಟಿಹಾಕಿದ ಸಾರಿನ ಪಾತ್ರೆಯೂ

ಡಿಸೆಂಬರಿನ ಮಳೆ ಸಿಂಗಪುರಕ್ಕೆ ಹೇಳಿ ಬರುವುದಿಲ್ಲ. ಒಂಬತ್ತು ಗಂಟೆಗೆ ಕಾದ ಹಂಚಿನಂತಿದ್ದ ರಸ್ತೆ ಒಂಬತ್ತೂಕಾಲಿಗೆ ಕೆರೆಯ ಕೋಡಿಯಾಗಿರುತ್ತದೆ. ಅಂಥ ಒಂದು ಗುರುವಾರ ಕಾಕಿ ಬುಕಿತ್‌ನ ಗೋದಾಮಿನ ಮುಂದೆ ನೀರೆತ್ತುವ ಪಂಪುಗಳ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸುವ ಕೆಲಸ ನಡೆದಿತ್ತು. ಅಂಗಳದಲ್ಲಿ ರಾಗಿ ಹರವಿದವನು ಮೋಡ ನೋಡುವ ಹಾಗೆ ಆಕಾಶ ನೋಡುತ್ತ, ಸ್ಟೋರ್ಸ್ ಇನ್‌ಚಾರ್ಜ್ ಜಯತೀರ್ಥ "ಎಳೀರಿ, ಟಾರ್ಪಾಲು ಎಳೀರಿ!" ಎಂದು ಕನ್ನಡದಲ್ಲೇ ಕೂಗುತ್ತಿದ್ದ. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೂ ಟಾರ್ಪಾಲು ಎಳೆಯಲ್ಪಟ್ಟಿತು. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದುಬಂದಿತ್ತು.

ಅದೇ ಹೊತ್ತಿಗೆ ಜೇಬಿನ ಫೋನು ಗುರುಗುಟ್ಟಿತು. ಹೆಂಡತಿ ಸುನಂದಾ.

"ರೀ, ಶನಿವಾರ ಬೆಳಿಗ್ಗೆ ಬದರಿನಾಥ್ ಅವರು ಬರ್ತಾರಂತೆ. ಕಶ್ಯಪ್‌ನೂ ಬರ್ತಾನೆ. ಅವರ ಮಿಸೆಸ್ ಸೋದರಮಾವನ್ನ ಕರ್ಕೊಂಡ್ ಬರೋಕೆ ಮೈಸೂರಿಗೆ ಹೋಗಿದ್ದಾರೆ. ನಿಮಗೆ ಕೈ ಮುಗಿದು ಒಂದ್ ಮಾತು ಹೇಳ್ತೀನಿ. ಅವತ್ತು ಬಾಯಿ ಬಿಡೋಕ್ ಮುಂಚೆ ನನ್ನ ಮುಖ ನೋಡಿ."

"ನಿನ್ನ ಮುಖ ನೋಡಿದ್ರೆ ಏನ್ ಗೊತ್ತಾಗತ್ತೆ?"

"ಮುಚ್ಕೋಬೇಕು ಅಂತ ಗೊತ್ತಾಗತ್ತೆ. ಇನ್ನೊಂದು, ಅವರೆದುರಿಗೆ ನಿಮ್ಮ ಹಗ್ಗದ ನಾಟಕ ಬೇಡ. ಸಾರು ನಾನೇ ಮಾಡ್ತೀನಿ."

ಹಗ್ಗದ ನಾಟಕವೆಂದರೇನೆಂದು ಓದುಗರಿಗೆ ಇಲ್ಲೇ ತಿಳಿಸಿಬಿಡುವುದು ನ್ಯಾಯ. ಜಯತೀರ್ಥನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಬಯಲು ಸೀಮೆಯ ಒಂದು ಹಳ್ಳಿ. ಆ ಮನೆತನದಲ್ಲಿ ಸಾರು ಗಂಡಸರ ಕೈಯದು. ಮಾಡುವ ಕ್ರಮವೂ ಮನೆತನದ್ದೇ. ಪಾತ್ರೆಗೆ ಅರ್ಧದ ಮೇಲೆ ಒಂದು ಸೌಟೂ ಹೆಚ್ಚು ಹಾಕಕೂಡದು. ಪಾತ್ರೆಯ ಎರಡು ಕಿವಿಗೂ ಹುರಿ ಬಿಗಿದು ಒಲೆಗೆ ಕಟ್ಟಬೇಕು. ಕಟ್ಟಿದ ಮೇಲೆ ಎರಡೂ ಕಾಲು ಅಗಲಿಸಿ, ಬೆನ್ನು ಗೋಡೆಗೆ ಆನಿಸಿ, ಕುಸ್ತಿಗೆ ನಿಂತವನಂತೆ ನಿಂತು ಸೌಟಾಡಿಸಬೇಕು. ಯಾಕೆಂದು ಅಪ್ಪನನ್ನು ಕೇಳಿದರೆ "ಅಜ್ಜ ಹಾಗೇ ಮಾಡ್ತಿದ್ರು" ಎನ್ನುತ್ತಿದ್ದ. ಅಜ್ಜನನ್ನು ಕೇಳಿದವರಿಗೆ ಸೌಟಿನ ಏಟು ಬೀಳುತ್ತಿತ್ತು. ಊರಿನವರು "ಆಚಾರ್ರ ಮನೆ ಸಾರು ಓಡಿಹೋಗತ್ತೆ ಅಂತ ಕಟ್ಟಿಹಾಕ್ತಾರೆ" ಎಂದು ನಗುತ್ತಿದ್ದರು. ಹೌಗಾಂಗ್‌ನ ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ, ಗ್ಯಾಸ್ ಒಲೆಗೆ ಪ್ಲಾಸ್ಟಿಕ್ ಹುರಿ ತಾಕಿಸಿ ಎರಡು ಸಲ ಬೆಂಕಿ ಹತ್ತಿಸಿದ ಮೇಲೆ ಜಯತೀರ್ಥ ಉಕ್ಕಿನ ತಂತಿಗೆ ಬದಲಾಯಿಸಿಕೊಂಡಿದ್ದ. ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಶನಿವಾರದ ಭೇಟಿ ಹೆಸರಿಗಷ್ಟೇ ಹೆಣ್ಣು ನೋಡುವ ಶಾಸ್ತ್ರ. ಮಗಳು ಪ್ರಣತಿಯೂ ಕಶ್ಯಪನೂ ಕಾಲೇಜಿನಿಂದ ಜೊತೆಗಿದ್ದವರು. ನಾಲ್ಕು ವರ್ಷದ ಕೆಳಗೆ ಇಬ್ಬರೂ ಸೇರಿ ಸರಕಾರಿ ಫ್ಲಾಟಿಗೆ ಅರ್ಜಿ ಹಾಕಿದ್ದರು. ಅದರ ಕೀ ಮಾರ್ಚಿನಲ್ಲಿ ಸಿಗುವುದಿತ್ತು. ಕೀ ಸಿಕ್ಕ ಮೂರು ತಿಂಗಳೊಳಗೆ ಮದುವೆಯ ಸರ್ಟಿಫಿಕೇಟು ತೋರಿಸದಿದ್ದರೆ ಫ್ಲಾಟು ಕೈ ತಪ್ಪುತ್ತದೆ. ಹಿರಿಯರು ಆಗಲಿ ಎಂದರೆ ಆಯಿತು. ಅಷ್ಟೇ ಉಳಿದಿತ್ತು.

ಆ ಹಿರಿಯರಲ್ಲಿ ಕಶ್ಯಪನ ತಂದೆ ಬದರಿನಾಥ್ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯವರು. ಶನಿವಾರ ಬಂದು ಸೋಫಾದ ಮೇಲೆ ಕೂತವರು ಕಾಫಿ ಒಂದು ಗುಟುಕು ಕುಡಿದು ಪ್ರಯಾಣದ ಮಾತಿಗೆ ಬಂದರು.

"ಏನ್ ಮಾಡೋದು ಹೇಳಿ, ಬಿಸಿನೆಸ್ ಕ್ಲಾಸ್ ಬಿಟ್ಟು ಬೇರೆದ್ರಲ್ಲಿ ನನಗೆ ನಿದ್ದೇನೇ ಬರಲ್ಲ. ಬಾಡಿ ಅಡ್ಜಸ್ಟ್ ಆಗಲ್ಲ. ನೀವು ಊರಿಗೆ ಹೇಗೆ ಹೋಗ್ತೀರಿ?"

ಜಯತೀರ್ಥ ಊರಿಗೆ ಹೋಗುತ್ತಿದ್ದದ್ದು ಮೊಣಕಾಲು ಗದ್ದಕ್ಕೆ ತಾಗುವ ಅಗ್ಗದ ವಿಮಾನದಲ್ಲಿ, ಚಪಾತಿಯ ಗಂಟಿನೊಂದಿಗೆ. ಅವನು ಹೆಂಡತಿಯ ಮುಖ ನೋಡಿದ. ಮುಖ ಹೇಳಬೇಕಾದ್ದನ್ನು ಸ್ಪಷ್ಟವಾಗಿಯೇ ಹೇಳುತ್ತಿತ್ತು. ಆದರೆ ಅವನ ಕಣ್ಣು ಅಲ್ಲಿ ನಿಲ್ಲದೆ ಜಾರಿ ಟೀವಿಯ ಕೆಳಗಿದ್ದ ಟ್ರಂಕಿನ ಮೇಲೆ ಬಿತ್ತು.

"ನಂದು ಬಿಡಿ ಸಾರ್, ನಾನು ಹೇಗೋ ಹೋಗ್ತೀನಿ. ಆದ್ರೆ ಫಸ್ಟ್ ಕ್ಲಾಸ್ ಅನ್ನೋದು ನಮ್ಮ ಮನೆತನಕ್ಕೆ ಹೊಸದಲ್ಲ."

ಸುನಂದಾ ಕಣ್ಣು ಮುಚ್ಚಿಕೊಂಡಳು.

ಟ್ರಂಕು ಮುತ್ತಜ್ಜ ಭೀಮಸೇನಾಚಾರ್ಯರದ್ದು. ಮನೆಯಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅಜ್ಜಿ ಅದರಲ್ಲಿ ಹುರಿಹಿಟ್ಟು ತುಂಬಿಡುತ್ತಿದ್ದಳು. ಮುಚ್ಚಳದ ಮೇಲೆ ಅರ್ಧ ಹರಿದ ಚೀಟಿಯೊಂದು ಅಂಟಿತ್ತು. ಅದರಲ್ಲಿ ಎರಡು ಹೊಗೆಕೊಳವೆಯ ಹಡಗಿನ ಚಿತ್ರ, ಅದರ ಕೆಳಗೆ 'ಲೇಡಿ ಅಗಸ್ಟಾ, ಲಿವರ್‌ಪೂಲ್ – ನ್ಯೂಯಾರ್ಕ್, 1893, ಫಸ್ಟ್ ಕ್ಲಾಸ್' ಎಂಬ ಅಕ್ಷರ.

ಬದರಿನಾಥ್ ಕಾಫಿ ಲೋಟ ಕೆಳಗಿಟ್ಟು ಎದ್ದುನಿಂತರು. "ವಿಕ್ಟೋರಿಯಾ ರಾಣಿ ಕಾಲ! ಅಟ್ಲಾಂಟಿಕ್! ಮುಟ್ಟಬಹುದಾ?" ಎಂದು ಕೇಳಿ, ಅಪ್ಪಣೆಗೆ ಕಾಯದೆ ಮುಚ್ಚಳ ಎತ್ತಿ ಮೂಗು ತೂರಿಸಿದರು. "ಆಹಾ! ಏನ್ ಪರಿಮಳ! ಆ ಕಾಲದ ಸೆಂಟು ಇರಬೇಕು. ಕಶ್ಯಪ್, ಸ್ಮೆಲ್ ಮಾಡು."

ಕಶ್ಯಪ್ ಮೂಸಿ ನೋಡಿ ಸೀನಿದ.

ಅಂದಿನಿಂದ ಬದರಿನಾಥರ ಪ್ರಶ್ನೆಗಳು ವಾಟ್ಸಾಪಿನಲ್ಲಿ ದಿನಾ ಸಂಜೆ ಬರತೊಡಗಿದವು. 'ಬೀಗ್ರೆ, ತಾತ ಊಟಕ್ಕೆ ಎಲ್ಲಿ ಕೂರ್ತಿದ್ರು?' ಜಯತೀರ್ಥನಿಗೆ ಗೊತ್ತಿಲ್ಲ ಎಂದು ಬರೆಯಲು ಒಂದೇ ಪದ ಸಾಕಿತ್ತು. ಅವನು ಗೋದಾಮಿನಲ್ಲಿ ಟೀ ಕುಡಿಯುವ ಹೊತ್ತು ಪೂರ್ತಿ ಫೋನಿನಲ್ಲಿ ಹಳೆಯ ಹಡಗುಗಳ ವಿಷಯ ಓದಿ, 'ಕ್ಯಾಪ್ಟನ್ ಟೇಬಲ್‌ನಲ್ಲಿ, ಕ್ಯಾಪ್ಟನ್ ಬಲಗಡೆ' ಎಂದು ಬರೆದ. ಮರುದಿನ ಊಟ ಹದಿನೆಂಟು ಬಗೆಯದಾಯಿತು. ಅದರ ಮರುದಿನ ಅಟ್ಲಾಂಟಿಕ್ ಸಮುದ್ರದಲ್ಲಿ ಬಿರುಗಾಳಿ ಎದ್ದು, ಭೀಮಸೇನಾಚಾರ್ಯರು ಅಳುತ್ತಿದ್ದ ಕ್ಯಾಪ್ಟನ್ನನ ಬೆನ್ನು ಸವರಿ ಧೈರ್ಯ ಹೇಳಿದರು.

"ಅಪ್ಪಾ, ಸಾಕು ಲಾ," ಎಂದಳು ಪ್ರಣತಿ, ಸಿಂಗಪುರದವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಅಂಟಿಸಿ. "ಇನ್ನೆರಡು ದಿನ ಬಿಟ್ರೆ ಹಡಗು ಅವರೇ ಓಡಿಸಿಬಿಡ್ತಾರೆ."

ಶುಕ್ರವಾರ ಬದರಿನಾಥರ ತೀರ್ಮಾನ ಬಂತು. ನಿಶ್ಚಿತಾರ್ಥ ನಾಡಿದ್ದು ಬಿಟ್ಟು ಅದರ ಮುಂದಿನ ಭಾನುವಾರ, ಹೆಣ್ಣಿನ ಕಡೆಯವರ ಹೌಗಾಂಗ್ ಬ್ಲಾಕಿನ ಬುಡದಲ್ಲಿ ಮದುವೆಗೂ ಸಾವಿಗೂ ಒದಗುವ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲೇ ಆಗಲಿ. ಆದರೆ ಅದು ಲೇಡಿ ಅಗಸ್ಟಾದ ಫಸ್ಟ್ ಕ್ಲಾಸ್ ಸಲೂನಿನಂತೆ ಕಾಣಬೇಕು. ಬಂದವರೆಲ್ಲ ಕೋಟು, ಹ್ಯಾಟು, ಗೌನು ಹಾಕಬೇಕು. ಜಯತೀರ್ಥ ಟ್ರಂಕಿನ ಮೇಲೆ ಕೈಯಿಟ್ಟು ಮುತ್ತಜ್ಜನ ಪ್ರಯಾಣದ ಕಥೆ ಹೇಳಬೇಕು.

ವಾಯ್ಡ್ ಡೆಕ್ಕಿಗೆ ಅನುಮತಿ ಪಡೆಯಲು ಜಯತೀರ್ಥ ಟೌನ್ ಕೌನ್ಸಿಲಿಗೆ ಹೋದ. ಕೌಂಟರಿನಲ್ಲಿದ್ದ ಹೆಂಗಸು ಬಹಳ ಸಮಾಧಾನದವಳು. ಅರ್ಜಿಯನ್ನು ಎರಡು ಸಲ ಓದಿ ಇಂಗ್ಲಿಷಿನಲ್ಲಿ ಕೇಳಿದಳು.

"ಮದುವೆಯೋ, ಸಾವೋ? ಇಲ್ಲಿ ಟಿಕ್ ಮಾಡಿಲ್ಲ."

"ನಿಶ್ಚಿತಾರ್ಥ ಮೇಡಂ."

"ಮತ್ತೆ ಈ ಮಿಸ್ಟರ್ ಭೀಮಸೇನಾಚಾರ್ಯ ಯಾರು? ಮುಖ್ಯ ಅತಿಥಿನಾ? ಬರ್ತಾರಾ?"

"ಇಲ್ಲ ಮೇಡಂ. ತೀರಿಕೊಂಡಿದ್ದಾರೆ."

ಅವಳ ಮುಖ ಬಾಡಿತು. "ಅಯ್ಯೋ, ಸಾರಿ. ಹಾಗಾದ್ರೆ ಸಾವಿನ ಫಾರಂ ಬೇರೆ ಇದೆ. ಯಾವತ್ತು ತೀರಿಕೊಂಡ್ರು?"

"ಸಾವಿರದ ಒಂಬೈನೂರ ಮೂವತ್ತೊಂದು."

ಅವಳು ಪೆನ್ನು ಕೆಳಗಿಟ್ಟಳು. ಅರ್ಜಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಹಡಗು ಅಂತ ಬರೆದಿದ್ದೀರಿ. ನೀರು ನಿಲ್ಲಿಸ್ತೀರಾ? ಸೊಳ್ಳೆ ಆಗತ್ತೆ," ಎಂದಳು.

"ನೀರು ಇಲ್ಲ ಮೇಡಂ. ಅಟ್ಲಾಂಟಿಕ್ ಅಷ್ಟೇ. ಪ್ಲಾಸ್ಟಿಕ್ ಹಾಳೆ."

'ಇತರೆ' ಎಂಬಲ್ಲಿ ಟಿಕ್ ಬಿತ್ತು.

ಇಷ್ಟಾಗುವಾಗ ಮೈಸೂರಿನಿಂದ ಹಯಗ್ರೀವಾಚಾರ್ಯರು ಬಂದಿಳಿದರು. ಬದರಿನಾಥರ ಸೋದರಮಾವ, ಎಪ್ಪತ್ತಾರು ವರ್ಷ. ತಂದೆಯಿಲ್ಲದ ಬದರಿಯನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು. ಬ್ಯಾಂಕಿನಲ್ಲಿ ನೂರು ಜನ ಬದರಿನಾಥರಿಗೆ ಎದ್ದು ನಿಲ್ಲುತ್ತಿದ್ದರು. ಬದರಿನಾಥ್ ಎದ್ದು ನಿಲ್ಲುತ್ತಿದ್ದದ್ದು ಮಾವನಿಗೆ ಒಬ್ಬರಿಗೇ. ಬದರಿನಾಥರ ಕಾಂಡೋ ಫ್ಲಾಟಿನ ಅಡುಗೆಮನೆ ಮಡಿಯದಲ್ಲವೆಂದು ಆಚಾರ್ಯರು ಬಂದಂದಿನಿಂದ ಬಾಳೆಹಣ್ಣು, ನೆನೆಸಿದ ಅವಲಕ್ಕಿಯಲ್ಲೇ ಕಾಲ ಹಾಕುತ್ತಿದ್ದರು. ಹೌಗಾಂಗ್‌ಗೆ ಬಂದವರು ತಮ್ಮ ಚಾಪೆ ತಾವೇ ಹಾಸಿಕೊಂಡು, ಬಾಳೆಹಣ್ಣು ಸುಲಿಯುತ್ತ ಟ್ರಂಕನ್ನು ನೋಡಿದರು.

"ಇದೇನಪ್ಪ ಬದರಿ ಹೇಳಿದ್ದು? ನಿಮ್ಮ ಮುತ್ತಜ್ಜ ಸಮುದ್ರ ದಾಟಿದ್ರೋ?"

"ಹೂಂ... ದಾಟಿದ್ರು."

"ವಾಪಸ್ ಬಂದ ಮೇಲೆ ಪ್ರಾಯಶ್ಚಿತ್ತ?"

ಜಯತೀರ್ಥ ಹೆಂಡತಿಯ ಮುಖ ನೋಡಿದ. ಅವಳು ಬೇಕೆಂದೇ ಗೋಡೆ ನೋಡುತ್ತಿದ್ದಳು.

"ಹೋಗಲಿ, ಹಡಗಿನಲ್ಲಿ ಊಟಕ್ಕೆ ಏನು ಮಾಡಿದ್ರು?"

"ಕ್ಯಾಪ್ಟನ್ ಟೇಬಲ್ ಮಾವ!" ಎಂದರು ಬದರಿನಾಥ್, ಹೆಮ್ಮೆಯಿಂದ. "ಹದಿನೆಂಟು ಐಟಂ! ಫೋರ್ಕಲ್ಲಿ!"

ಅರ್ಧ ಸುಲಿದ ಬಾಳೆಹಣ್ಣು ಅಲ್ಲೇ ನಿಂತಿತು.

"ಉಪ್ಪುನೀರಿನ ಮೇಲೆ, ಪರರ ಕೈಯಲ್ಲಿ, ಹದಿನೆಂಟು," ಎಂದರು ಆಚಾರ್ಯರು ಮೆಲ್ಲಗೆ. "ದಾಟಿದ್ದಕ್ಕೆ ಸಣ್ಣ ಪ್ರಾಯಶ್ಚಿತ್ತ. ಹನ್ನೆರಡು ಮಡಿ ಊಟ ಬಡಿಸಿದ್ರೆ ಮುಗೀತು. ಉಂಡದ್ದಕ್ಕೆ ದೊಡ್ಡದು. ಮನೆಯ ಹಿರಿಯ ಒಂದು ಸಂವತ್ಸರ ವ್ರತ ಹಿಡೀಬೇಕು. ಅದು ಮುಗಿಯೋವರೆಗೆ ಈ ಮನೆಯಲ್ಲಿ ಶುಭಕಾರ್ಯ ಆಗಕೂಡದು. ಮುತ್ತಜ್ಜನ ಬಾಕಿ, ನೀನು ತೀರಿಸ್ಬೇಕು."

"ಒಂದು ವರ್ಷಾನಾ!" ಪ್ರಣತಿ ಕೂಗಿದಳು. "ತಾತಾ, ನಮ್ಮ ಫ್ಲಾಟ್ ಹೋಗ್ಬಿಡತ್ತೆ! ಅಷ್ಟಕ್ಕೂ ನೀವೂ ಸಮುದ್ರ ದಾಟ್ಕೊಂಡೇ ಬಂದಿದ್ದಲ್ವಾ?"

"ನಾನು ದಾಟಿದ್ದು ಆಕಾಶ, ಮಗು. ಸಮುದ್ರ ಕೆಳಗಿತ್ತು. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಅದೂ ಅಲ್ಲದೆ ಕಿಟಕಿ ಮುಚ್ಚಿಸಿದ್ದೆ."

"ಹಿಂಗೂ ಲಾಜಿಕ್ ಇರತ್ತಾ ಲಾ..."

"ಪ್ರಣತಿ," ಎಂದರು ಬದರಿನಾಥ್ ತಗ್ಗಿದ ದನಿಯಲ್ಲಿ, "ಮಾವ ಹೇಳಿದ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲಮ್ಮ." ಅವರು ಟ್ಯಾಕ್ಸಿ ಹಿಡಿಯಲು ಕೆಳಗಿಳಿದರು.

ಲಿಫ್ಟಿನ ಮುಂದೆ ಜಯತೀರ್ಥನಿಗೂ ಆಚಾರ್ಯರಿಗೂ ಏಕಾಂತ ಸಿಕ್ಕಿತು. ಮಗಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಳುವ ಸದ್ದು ಅಲ್ಲಿಗೂ ಕೇಳುತ್ತಿತ್ತು. ಹೆದರಿದ ಎತ್ತು ದಾರಿ ಬಿಟ್ಟು ಹಳ್ಳಕ್ಕೆ ಇಳಿಯುವ ಹಾಗೆ ಅವನ ಬಾಯಿ ಹೊಸ ಸುಳ್ಳಿಗೆ ಇಳಿಯಿತು.

"ಆಚಾರ್ರೆ, ನಿಜ ಹೇಳ್ತೀನಿ. ಅವರು ಹಡಗು ಹತ್ತಲೇ ಇಲ್ಲ."

"ಮತ್ತೆ ಟ್ರಂಕು?"

"ಟ್ರಂಕು ಮಾತ್ರ ಹತ್ತಿತು. ಅದೊಂದೇ ಹೋಗಿ ಬಂತು."

"ಫಸ್ಟ್ ಕ್ಲಾಸಿನಲ್ಲಿ?"

"ಫಸ್ಟ್ ಕ್ಲಾಸಿನಲ್ಲಿ."

ಆಚಾರ್ಯರು ಇದನ್ನು ಶಾಸ್ತ್ರದ ಕಣ್ಣಿನಿಂದ ಪರಿಶೀಲಿಸಿದರು. "ಟ್ರಂಕಿಗೆ ದೋಷವಿಲ್ಲ," ಎಂದರು ಕೊನೆಗೆ. "ಭಾನುವಾರ ಎಲ್ಲರೆದುರಿಗೆ ಆ ಟ್ರಂಕಿನ ಮೇಲೆ ಕೈಯಿಟ್ಟು ಹಾಗಂತ ಹೇಳು. ನಾನು ಒಪ್ಕೋತೀನಿ."

ಹೀಗೆ ಒಂದೇ ಭಾನುವಾರ, ಒಂದೇ ಟ್ರಂಕಿನ ಮೇಲೆ, ಒಂದೇ ಕೈಯಿಟ್ಟು, ಮುತ್ತಜ್ಜ ಹಡಗಿನಲ್ಲಿ ಫಸ್ಟ್ ಕ್ಲಾಸಿನಲ್ಲಿ ಹೋದನೆಂದೂ ಹೋಗಲೇ ಇಲ್ಲವೆಂದೂ ಹೇಳುವ ಹೊಣೆ ಜಯತೀರ್ಥನ ಪಾಲಿಗೆ ಬಂತು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಅವನೊಂದಿಗೆ ಮಾತಾಡುವವರು ಯಾರೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಅವನ ಮನೆಯ ಗಂಡಸರು ಮಾಡುತ್ತ ಬಂದದ್ದನ್ನೇ ಅವನೂ ಮಾಡಿದ. ಬೇಳೆ ಬೇಯಿಸಿ, ಹುಣಸೆ ಕಿವುಚಿ, ಪಾತ್ರೆಯನ್ನು ಒಲೆಗೆ ಕಟ್ಟಿ, ಕಾಲು ಅಗಲಿಸಿ ನಿಂತ. ಎದುರು ಫ್ಲಾಟಿನ ಸೆಂಗ್ ಅಂಕಲ್, ಸುನಂದಾ ಕೊಟ್ಟಿದ್ದ ಕೋಡುಬಳೆಯ ಡಬ್ಬಿ ವಾಪಸು ತಂದವರು, ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಎಂಬತ್ತು ದಾಟಿದ ಮುದುಕ. ತಮ್ಮ ಇಂಗ್ಲಿಷಿನಲ್ಲಿ ಕೇಳಿದರು.

"ಯಾರು ಕಲಿಸಿದ್ದು ನಿನಗೆ ಇದು?"

"ನಮ್ಮ ಮನೆ ಪದ್ಧತಿ ಅಂಕಲ್."

"ಏನ್ ಪದ್ಧತಿ ಲಾ! ನಲವತ್ತು ವರ್ಷ ನಾನು ಹಡಗಿನಲ್ಲಿ ಕುಕ್. ಪಾತ್ರೆ ಕಟ್ಟದಿದ್ರೆ ಸೂಪು ನಿನ್ನ ಪ್ಯಾಂಟಿನ ಮೇಲೆ. ಅರ್ಧಕ್ಕಿಂತ ಜಾಸ್ತಿ ತುಂಬಿದ್ರೂ ಪ್ಯಾಂಟಿನ ಮೇಲೆ. ಕಾಲು ಹೀಗೆ ಅಗಲಿಸದಿದ್ರೆ ನೀನೇ ಸೂಪಿನೊಳಗೆ."

"ನಮ್ಮೂರಲ್ಲಿ ಸಮುದ್ರ ಇಲ್ಲ ಅಂಕಲ್. ಒಂದು ಕೆರೆ ಇದೆ. ಏಪ್ರಿಲಲ್ಲಿ ಅದೂ ಇರಲ್ಲ."

"ಹಾಗಾದ್ರೆ ನಿಮ್ಮ ಮನೆಯಲ್ಲಿ ಯಾರೋ ಸಮುದ್ರದ ಮೇಲೆ ಅಡುಗೆ ಮಾಡಿದ್ದಾರೆ. ಪ್ಯಾಸೆಂಜರ್ ಯಾವನೂ ಪಾತ್ರೆ ಕಟ್ಟಲ್ಲ."

ಜಯತೀರ್ಥ ಸೌಟು ಹಿಡಿದುಕೊಂಡೇ ಹಾಲಿಗೆ ನಡೆದ. ಸೆಂಗ್ ಅಂಕಲ್ ಟ್ರಂಕಿನ ಮುಚ್ಚಳ ತೆಗೆದು ಒಳಗೆ ಬೆರಳಿನಿಂದ ತಟ್ಟಿದರು. ಟಣ್ ಎಂದಿತು. "ಒಳಗೆಲ್ಲ ತಗಡು ಹೊಡೆದಿದ್ದಾರೆ. ಇಲಿ ಬರಬಾರದು ಅಂತ. ಬಟ್ಟೆ ಪೆಟ್ಟಿಗೆ ಅಲ್ಲ ಇದು, ದಿನಸಿ ಪೆಟ್ಟಿಗೆ." ಜಯತೀರ್ಥ ಬಗ್ಗಿ ಮೂಸಿದ. ಬದರಿನಾಥರು ಆಹಾ ಎಂದಿದ್ದ ಪರಿಮಳ ಇಂಗಿನದು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದಿದ್ದರಿಂದ ಅವನಿಗೆ ಅದೊಂದು ವಾಸನೆಯೆಂದೇ ಅನ್ನಿಸಿರಲಿಲ್ಲ.

ಸಂಜೆಗೆ ಕಶ್ಯಪ್ ಒಬ್ಬನೇ ಬಂದ. ನಿಶ್ಚಿತಾರ್ಥದ ಊಟದ ಮೆನು ಕಾರ್ಡಿನಲ್ಲಿ ಅಚ್ಚು ಹಾಕಿಸೋಣವೆಂದು ಅವನು ಲೇಡಿ ಅಗಸ್ಟಾದ ಪ್ರಯಾಣಿಕರ ಹಳೆಯ ಪಟ್ಟಿಯನ್ನು ಹುಡುಕಿ ತೆಗೆದಿದ್ದ. ಫೋನನ್ನು ಮುಂದೆ ಹಿಡಿದ. ಫಸ್ಟ್ ಕ್ಲಾಸಿನ ಪ್ರಯಾಣಿಕರಲ್ಲಿ ಲಾರ್ಡುಗಳು, ಲೇಡಿಗಳು, ಗಿರಣಿ ಮಾಲೀಕರು, ಅವರ ನಡುವೆ ಒಂದು ಸಾಲು: 'ಮಿಸ್ಟರ್ ಎಲ್. ಅರಸ್, ಮೈಸೂರು, ಮತ್ತು ಕುಕ್.'

ಕುಕ್ಕಿಗೆ ಹೆಸರಿರಲಿಲ್ಲ.

"ಅಂಕಲ್, ಡ್ಯಾಡಿ ಬ್ಯಾಂಕಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದ್ದಾರೆ. ಇದು ಹೇಳ್ಬೇಡಿ ಪ್ಲೀಸ್. ಆದ್ರೆ ಏನಾದ್ರೂ ಹೇಳಿ. ಫ್ಲಾಟ್..." ಎಂದು ಅವನು ಫೋನನ್ನು ಜೇಬಿಗೆ ತುರುಕಿದ.

ಭಾನುವಾರ ಹನ್ನೊಂದು ಗಂಟೆಗೆ ಲೇಡಿ ಅಗಸ್ಟಾ ಹೌಗಾಂಗ್‌ನಲ್ಲಿ ಲಂಗರು ಹಾಕಿತ್ತು. ಕಂಬಗಳಿಗೆ ನೀಲಿ ಪ್ಲಾಸ್ಟಿಕ್ಕಿನ ಅಲೆಗಳು, ಅಂಚೆಪೆಟ್ಟಿಗೆಗಳ ಸಾಲಿನ ಮೇಲೆ ರಟ್ಟಿನ ಹೊಗೆಕೊಳವೆ. ಎಂಬತ್ತು ಜನ ಕನ್ನಡಿಗರು ಉಣ್ಣೆಯ ಕೋಟು, ಗರಿಯ ಟೋಪಿ, ನೆಲ ಗುಡಿಸುವ ಗೌನುಗಳಲ್ಲಿ, ಮಳೆ ನಿಂತ ಮೇಲಿನ ಧಗೆಯಲ್ಲಿ ಉತ್ತು ಬಂದ ಎತ್ತುಗಳಂತೆ ಬೆವರುತ್ತಿದ್ದರು. ಕಲ್ಲಿನ ಮೇಜಿನ ಹತ್ತಿರ ದಿನವೂ ಚೀನೀ ಚದುರಂಗ ಆಡುವ ಇಬ್ಬರು ಮುದುಕರು ಏಳಲು ಒಪ್ಪದ ಕಾರಣ, ಅವರ ತಲೆಗೂ ಒಂದೊಂದು ಹ್ಯಾಟು ಇಟ್ಟು ಫಸ್ಟ್ ಕ್ಲಾಸಿಗೆ ಸೇರಿಸಿಕೊಳ್ಳಲಾಗಿತ್ತು. ಕಪ್ಪು ಉದ್ದ ಹ್ಯಾಟಿನಲ್ಲಿ ಬದರಿನಾಥ್ ಮೈಕು ಹಿಡಿದರು. ಒಂದು ಕಂಬದ ಬುಡದಲ್ಲಿ, ತಮ್ಮ ಚಾಪೆಯ ಮೇಲೆ, ಹ್ಯಾಟಿಲ್ಲದೆ ಕೂತಿದ್ದವರು ಹಯಗ್ರೀವಾಚಾರ್ಯರು ಒಬ್ಬರೇ.

"ಲೇಡೀಸ್ ಅಂಡ್ ಜೆಂಟಲ್‌ಮನ್, ನಮ್ಮ ಬೀಗರು ಈಗ ಫಸ್ಟ್ ಕ್ಲಾಸ್ ಪ್ಯಾಸೆಂಜರ್ ಭೀಮಸೇನಾಚಾರ್ಯರ ಕಥೆ ಹೇಳ್ತಾರೆ!"

ಜಯತೀರ್ಥ ಟ್ರಂಕಿನ ಮೇಲೆ ಕೈಯಿಟ್ಟ. ಬದರಿನಾಥ್ ಕಣ್ಣು ಹೊಡೆದರು. ಆಚಾರ್ಯರು ತಲೆಯಾಡಿಸಿದರು. ಅವನು ಸುನಂದಾಳ ಮುಖ ನೋಡಿದ. 'ಮುಚ್ಕೊಳ್ಳಿ' ಎಂದು ಆ ಮುಖ ಹೇಳದೆ ಇದ್ದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವಳ ಭುಜಕ್ಕೆ ಒರಗಿ ಪ್ರಣತಿ ಉಗುರು ಕಚ್ಚುತ್ತಿದ್ದಳು.

"ನಮ್ಮ ಮುತ್ತಜ್ಜ ಹಡಗಿನಲ್ಲಿ ಹೋಗಿದ್ದು ನಿಜ," ಎಂದ ಜಯತೀರ್ಥ. "ಹೋಗಲಿಲ್ಲ ಅಂತ ಒಬ್ಬರ ಹತ್ರ ಸುಳ್ಳು ಹೇಳಿದ್ದೆ. ಫಸ್ಟ್ ಕ್ಲಾಸಲ್ಲಿ ಹೋಗಿದ್ದೂ ನಿಜ. ಆದ್ರೆ ಕ್ಯಾಪ್ಟನ್ ಟೇಬಲ್ಲಿ ಕೂತಿರಲಿಲ್ಲ. ಅದೂ ಸುಳ್ಳು. ಬಿರುಗಾಳೀನೂ ನಾನೇ ಎಬ್ಬಿಸಿದ್ದು. ಮೈಸೂರಿನ ಅರಸು ಮನೆತನದವರೊಬ್ಬರ ಜೊತೆ ಅಡುಗೆಗೆ ಅಂತ ಹೋಗಿದ್ರು. ಪಟ್ಟಿಯಲ್ಲಿ 'ಮತ್ತು ಕುಕ್' ಅಂತ ಇದೆ. ಆ ಕುಕ್ಕು ನಮ್ಮವರು."

ವಾಯ್ಡ್ ಡೆಕ್ಕಿನಲ್ಲಿ ಚದುರಂಗದ ಕಾಯಿ ಇಟ್ಟ ಸದ್ದು ಕೇಳಿಸಿತು.

"ಕುಕ್?" ಎಂದರು ಬದರಿನಾಥ್ ಮೈಕಿನಲ್ಲೇ. "ಬೀಗ್ರೆ, ನನ್ನ ಬಾಸ್ ಬಂದಿದ್ದಾರೆ! ಕುಕ್ಕಿಗೋಸ್ಕರನಾ ನಾನು ಈ ಕೋಟು ಹೊಲಿಸಿದ್ದು?"

"ಸುಮ್ಮನಿರು ಬದರಿ," ಎನ್ನುತ್ತ ಆಚಾರ್ಯರು ಎದ್ದು ಬಂದರು. ಹ್ಯಾಟುಗಳು ಎರಡು ಪಾಲಾಗಿ ದಾರಿ ಬಿಟ್ಟವು. "ಏನಪ್ಪ, ಅಡುಗೆಯವನೇ ಆಗಿದ್ರೆ ಅವನು ಉಂಡದ್ದು ಯಾರ ಅಡುಗೆ?"

"ತಮ್ಮದೇ ಇರಬೇಕು."

"ನೀರು?"

ಕಾವೇರಿಯಿಂದ ಹಿತ್ತಾಳೆ ಕೊಡಗಳಲ್ಲಿ ಎಂಬ ಉತ್ತರ ಜಯತೀರ್ಥನ ನಾಲಿಗೆಯ ತುದಿಗೆ ಬಂದು ಕೂತಿತು. ಅವನು ಅದನ್ನು ನುಂಗಿದ. "ಗೊತ್ತಿಲ್ಲ ಆಚಾರ್ರೆ. ಗೊತ್ತಿಲ್ಲದ್ದು ಇನ್ನು ಹೇಳಲ್ಲ."

"ನಿನ್ನ ಮಾತಿಗೆ ಇವತ್ತಿನವರೆಗೆ ಮೂರು ಪಾಠಾಂತರ ಆಯ್ತು. ಈ ಮೂರನೆಯದಕ್ಕೆ ಸಾಕ್ಷಿ ಏನು?"

"ನಾನು ಸಾರು ಮಾಡೋ ರೀತಿ," ಎಂದ ಜಯತೀರ್ಥ. "ಅದೊಂದನ್ನ ನಾನು ಕಟ್ಟಿದ್ದಲ್ಲ. ಅಂದ್ರೆ, ಕಟ್ಟಿದ್ದೇ. ಬಂದು ನೋಡಿ."

ಮುಂದಿನ ಅರ್ಧ ಗಂಟೆ ಲಿಫ್ಟು ಒಂದೇ ಸಮನೆ ಓಡಿತು. ಫಸ್ಟ್ ಕ್ಲಾಸ್ ಪ್ರಯಾಣಿಕರು ಎಂಟೆಂಟು ಜನರಂತೆ ನಾಲ್ಕನೇ ಮಹಡಿಗೆ ಏರಿ ಕಾರಿಡಾರಿನುದ್ದಕ್ಕೂ ನಿಂತರು. ಕಿಟಕಿಯ ಸರಳುಗಳಿಗೆ ಗರಿಯ ಟೋಪಿಗಳು ಅಂಟಿಕೊಂಡವು. ಒಳಗೆ ಜಯತೀರ್ಥ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಯಾರನ್ನೂ ಮುಟ್ಟದೆ ಅಡುಗೆಗೆ ನಿಂತ. ಅರ್ಧ ಪಾತ್ರೆ, ಎರಡು ಕಿವಿಗೂ ತಂತಿ, ಅಗಲಿಸಿದ ಕಾಲು. ಹೊರಗಿನಿಂದ ಸೆಂಗ್ ಅಂಕಲ್ ಜಾತ್ರೆಯ ಕುಸ್ತಿಗೆ ವಿವರಣೆ ಕೊಡುವವರಂತೆ ಕೂಗುತ್ತಿದ್ದರು. "ನೋಡಿ, ನೋಡಿ, ಆ ಗಂಟು! ಅದು ನಾವಿಕರ ಗಂಟು! ಒಂದು ಕೈಯಲ್ಲಿ ಬಿಚ್ಚಬಹುದು! ಹಳ್ಳಿಯವನಿಗೆ ಹೇಗೆ ಬರಬೇಕು ಲಾ?"

ಒಗ್ಗರಣೆ ಬಿತ್ತು. ಇಂಗು, ಸಾಸಿವೆ, ಕರಿಬೇವು. ಕಾರಿಡಾರಿನಲ್ಲಿ ಎಂಬತ್ತು ಕೋಟುಗಳು ಒಟ್ಟಿಗೆ ಉಸಿರೆಳೆದುಕೊಂಡವು.

"ಇದೇ! ಇದೇ ಸೆಂಟು!" ಎಂದು ಬದರಿನಾಥ್ ಚೀರಿದವರು, ಏನು ಹೇಳಿದೆನೆಂದು ಹೊಳೆದು ಹ್ಯಾಟನ್ನು ಮೂಗಿನವರೆಗೆ ಎಳೆದುಕೊಂಡರು.

ಆಚಾರ್ಯರು ಬಾಳೆಲೆಯ ಮುಂದೆ ಕೂತರು. ಒಂಬತ್ತು ದಿನದ ಅವಲಕ್ಕಿಯ ಮೇಲೆ ಬಿಸಿ ಅನ್ನ, ಬಿಸಿ ಸಾರು. ಮೂರನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಮೆಣಸಿನ ಖಾರ ಕೊಂಚ ಜೋರಿದ್ದದ್ದೂ ನಿಜ. ಕೈ ತೊಳೆದುಕೊಂಡು ಬಂದು ತೀರ್ಪು ಹೇಳಿದರು.

"ಈ ಕೈ ಇದ್ದವನು ಪರರ ಅಡುಗೆ ಉಂಡಿರಲಾರ. ಯಾಕೆ ಉಣ್ತಾನೆ? ಉಂಡದ್ದರ ದೋಷ ಇಲ್ಲ. ದಾಟಿದ್ದರದ್ದು ಇದೆ. ಹನ್ನೆರಡು ಮಡಿ ಊಟ. ಮದುವೆ ಫೆಬ್ರವರಿಯಲ್ಲಿ ಇಟ್ಕೊಳ್ಳಿ."

ಪ್ರಣತಿ ಕಶ್ಯಪನನ್ನು ತಬ್ಬಿಕೊಂಡಳು. ಅವನ ಹ್ಯಾಟು ಕಾರಿಡಾರಿನಿಂದ ಕೆಳಗೆ ಬಿತ್ತು.

"ಹನ್ನೆರಡು ಜನ ಇಲ್ಲೇ ಇದ್ದಾರಲ್ಲ ಆಚಾರ್ರೆ, ಈಗಲೇ ಬಡಿಸಿಬಿಡ್ತೀನಿ," ಎಂದಳು ಸುನಂದಾ.

ಆಚಾರ್ಯರು ಕಾರಿಡಾರಿನ ಕಡೆ ತಿರಸ್ಕಾರದ ಒಂದು ನೋಟ ಹರಿಸಿದರು. "ಇವರೆಲ್ಲ ಕೆಳಗೆ ಕೇಕು ತಿಂದು ಬಂದಿದ್ದಾರೆ. ಮಡಿಯಲ್ಲಿರೋನು ನಾನೊಬ್ಬನೇ. ಒಂದು ಆಯ್ತು, ಹನ್ನೊಂದು ಬಾಕಿ. ನಾಳೆ ಹತ್ತೂವರೆಗೆ ಬರ್ತೀನಿ."

ಬಂದರು. ಹತ್ತು ದಿನ, ಹತ್ತೂವರೆಗೆ, ಚಾಪೆಯೊಂದಿಗೆ. ಜಯತೀರ್ಥ ರಾತ್ರಿ ಪಾಳಿ ಹಾಕಿಸಿಕೊಂಡು ಹಗಲು ಮುತ್ತಜ್ಜನ ಬಾಕಿ ತೀರಿಸಿದ. ಇತ್ತ ರಾಫೆಲ್ಸ್ ಪ್ಲೇಸಿನಲ್ಲಿ 'ಕುಕ್' ಎಂಬುದು ಎರಡೇ ದಿನದಲ್ಲಿ 'ಹೆಡ್ ಶೆಫ್, ಫಸ್ಟ್ ಕ್ಲಾಸ್' ಆಗಿ, ಬದರಿನಾಥರ ತಲೆ ಮತ್ತೆ ನೆಟ್ಟಗಾಗಿತ್ತು.

ಹನ್ನೊಂದನೆಯ ಊಟ ಮುಗಿಸಿ ಆಚಾರ್ಯರು ಕಿಟಕಿಯ ಹತ್ತಿರ ಹೋಗಿ ಹೊರಗೆ ಇಣುಕಿದರು.

"ಜಯತೀರ್ಥ, ಸಿಂಗಪುರದಿಂದ ದೊಡ್ಡ ಹಡಗುಗಳು ಹೊರಡ್ತಾವಂತಲ್ಲ. ನಾಲ್ಕು ದಿನ ಸುತ್ತಾಡಿಸಿ ವಾಪಸ್ ತಂದು ಬಿಡ್ತಾರಂತೆ."

"ಹೌದು ಆಚಾರ್ರೆ. ಆದ್ರೆ ನಿಮಗೆ ಸಮುದ್ರ..."

"ದಾಟಿದ್ದು ಸಣ್ಣ ದೋಷ ಅಂತ ನಾನೇ ಹೇಳಿದ್ದೀನಲ್ಲ. ಅಡುಗೆಯವನು ಜೊತೆಗಿದ್ರೆ ದೊಡ್ಡದು ತಟ್ಟೋದಿಲ್ಲ. ಎಪ್ಪತ್ತಾರು ವರ್ಷ ಆಯ್ತು, ಇನ್ನೂ ಅದನ್ನ ಮೇಲಿಂದಾನೂ ನೋಡಿಲ್ಲ." ಅವರು ತುಸು ನಾಚಿದಂತೆ ಕಂಡರು. "ಕಿಟಕಿ ಮುಚ್ಚಿಸಿದ್ದೆ."

ಹನ್ನೆರಡನೆಯ ಊಟ ಆ ಹಡಗಿನ ಮೇಲೇ ಆಗಲಿ, ಅಲ್ಲಿಯವರೆಗೆ ಬಾಕಿ ಇರಲಿ ಎಂದು ಗೊತ್ತಾಯಿತು. ಸಂಜೆಯೊಳಗೆ ಬದರಿನಾಥ್ ಎಲ್ಲ ಬುಕ್ ಮಾಡಿ, ಅತಿ ದುಬಾರಿ ಕ್ಯಾಬಿನ್ನಿನ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿದರು. ಮೇಲೆ ಹಡಗಿನ ಚಿತ್ರ, ಕೆಳಗೆ ಹೆಸರುಗಳು: 'ಮಿಸ್ಟರ್ ಬದರಿನಾಥ್, ಮಿಸ್ಟರ್ ಹಯಗ್ರೀವಾಚಾರ್, ಮತ್ತು ಒಬ್ಬರು.'

"ಇದೇನು, ನನ್ನ ಹೆಸರೇ ಇಲ್ಲ!" ಎಂದ ಜಯತೀರ್ಥ. "ಈಗಲೇ ಫೋನ್ ಮಾಡ್ತೀನಿ. ನಮ್ಮ ಮನೆತನ ಏನು ಅಂತ..."

ಸುನಂದಾ ಟ್ರಂಕಿಗೆ ಇಂಗಿನ ಡಬ್ಬಿಯನ್ನೂ ತಂತಿಯ ಸುರುಳಿಯನ್ನೂ ತುಂಬುತ್ತಿದ್ದವಳು ತಲೆಯೆತ್ತಿದಳು.

ಜಯತೀರ್ಥ ಅವಳ ಮುಖ ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡು, ಬೇಳೆ ಎಷ್ಟು ಬೇಕಾದೀತೆಂದು ಲೆಕ್ಕ ಹಾಕಲು ಕೂತ.